ಐಡ್ಲಿಂಗ್‌ನಲ್ಲಿ ಸಪ್ಪಳ ಬಂದರೆ ಮೊದಲು ಬೆಲ್ಟ್ ಬಿಚ್ಚಿ

ಗಾಡಿ ನಿಂತು ಐಡ್ಲಿಂಗ್‌ನಲ್ಲಿ ಓಡುವಾಗ ಇಂಜಿನ್ ಸಪ್ಪಳ ಮಾಡುತ್ತದೆ ಎಂದ ಕೂಡಲೇ ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಕವರಿಗೆ ಕೈಹಾಕುವವರೇ ಹೆಚ್ಚು. “ಇಂಜಿನ್ ಇಳಿಸಬೇಕೇನಣ್ಣಾ?” ಅಂತ ಗಾಡಿಯವರೂ ಹೆದರಿಕೊಂಡೇ ಬರುತ್ತಾರೆ. ಬಳ್ಳಾರಿ ಕಡೆ ನಾನು ನೋಡಿದ ಸಪ್ಪಳಗಳಲ್ಲಿ ಬಹುಪಾಲು ಇಂಜಿನ್ ಒಳಗಿನವಲ್ಲ, ಆಲ್ಟರ್‌ನೇಟರ್, ಎಸಿ ತಿರುಗಿಸುವ ಮುಂದಿನ ಬೆಲ್ಟ್ ಕಡೆಯವು. ಸಂಡೂರು, ತೋರಣಗಲ್ಲು ರಸ್ತೆಗಳಲ್ಲಿ ಅದಿರಿನ ಲಾರಿಗಳ ಹಿಂದೆ ಓಡಾಡುವ ಕಾರಿನ ಬಾನೆಟ್ ಎತ್ತಿದರೆ ಪುಲ್ಲಿಯ ಗೆರೆಗಳಲ್ಲೆಲ್ಲ ಕೆಂಪು ಪುಡಿ ಮೆತ್ತಿರುತ್ತದೆ. ಆ ಪುಡಿ ಸೀಲ್ ದಾಟಿ ಗ್ರೀಸಿಗೆ ಸೇರಿದರೆ, ವಾಲ್ವ್ ಉಜ್ಜುವ ಪೇಸ್ಟಿನ ಹಾಗೆ ಬೇರಿಂಗ್ ಗುಂಡುಗಳನ್ನು ತಿಂದುಹಾಕುತ್ತದೆ.

ಪಾನಾ ಹಿಡಿಯುವ ಮೊದಲು ಸಪ್ಪಳ ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಅನ್ನುವುದನ್ನು ಗಟ್ಟಿಮಾಡಿಕೊಳ್ಳಬೇಕು. ಅದಕ್ಕೆ ಗಾಡಿ ರಾತ್ರಿಯೆಲ್ಲ ನಿಂತು ಪೂರ್ತಿ ತಣ್ಣಗಾಗಿರಬೇಕು. ಬಿಸಿ ಇಂಜಿನ್ ತಂದು ತೋರಿಸಿದರೆ ಅರ್ಧ ಸುಳಿವು ಹೋದ ಹಾಗೆ. ನ್ಯೂಟ್ರಲ್‌ನಲ್ಲಿಟ್ಟು ಕ್ಲಚ್ ತುಳಿಯಿರಿ. ತುಳಿದಾಗ ನಿಂತರೆ ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟ್ ಬೇರಿಂಗ್ ಮೇಲೆ ಅನುಮಾನ, ತುಳಿದಾಗಲೇ ಶುರುವಾದರೆ ರಿಲೀಸ್ ಬೇರಿಂಗ್. ಎಸಿ ಹಾಕಿದಾಗ ಮಾತ್ರ ಬಂದರೆ ಕಂಪ್ರೆಸರ್, ಜಾರುವ ಬೆಲ್ಟ್ ಅಥವಾ ಹರಿದ ಇಂಜಿನ್ ಫೌಂಡೇಶನ್ (ಇಂಜಿನ್ ಕೂರುವ ರಬ್ಬರ್).

ಕೀಚಲು ಸದ್ದಾದರೆ ಬೆಲ್ಟಿನ ಗೆರೆಯ ಕಡೆಗೆ ಸ್ಪ್ರೇ ಬಾಟಲಿಯಿಂದ ಸ್ವಲ್ಪ ನೀರು ಚಿಮುಕಿಸಿ. ಸದ್ದು ಕ್ಷಣ ನಿಂತು ಮತ್ತೆ ಬಂದರೆ ಯಾವುದೋ ಪುಲ್ಲಿ ಸಾಲು ತಪ್ಪಿದೆ. ನೀರು ಬಿದ್ದಕೂಡಲೇ ಜೋರಾದರೆ ಬಿಗಿ ಸಾಲದೆ ಬೆಲ್ಟ್ ಜಾರುತ್ತಿದೆ, ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ನೋಡಬೇಕು. ಬೆಲ್ಟ್ ಡ್ರೆಸ್ಸಿಂಗ್ ಸ್ಪ್ರೇ ಹೊಡೆಯಲೇಬೇಡಿ. ನಮ್ಮ ಧೂಳು ಆ ಅಂಟಿಗೆ ಹತ್ತಿ ವಾರದಲ್ಲಿ ಸಪ್ಪಳ ಇಮ್ಮಡಿಯಾಗುತ್ತದೆ.

ಗರಗರ, ಗುಂಯ್ ಅನ್ನುವ ಸದ್ದಾದರೆ ಬೆಲ್ಟ್ ಬಿಚ್ಚುವುದೇ ಸರಿ. ಬೆಲ್ಟ್ ಹೋದ ದಾರಿಯ ಫೋಟೋ ತೆಗೆದುಕೊಳ್ಳಿ, ಸುತ್ತುವ ದಿಕ್ಕಿಗೆ ಚಾಕ್‌ನಿಂದ ಬಾಣ ಹಾಕಿ. ಟೆನ್ಷನರ್ ಇಲ್ಲದೆ ಎಳೆದು ಕೂರಿಸುವ ಸ್ಟ್ರೆಚ್ ಬೆಲ್ಟ್ ಆದರೆ ಬಿಚ್ಚಿದ್ದನ್ನು ಮತ್ತೆ ಹಾಕುವಂತಿಲ್ಲ, ಹೊಸದು ತಂದಿಟ್ಟುಕೊಂಡೇ ಕೈಹಾಕಬೇಕು. ಈಗ ತಣ್ಣಗಿನ ಇಂಜಿನನ್ನು ಮೂವತ್ತು ಸೆಕೆಂಡ್ ಮಾತ್ರ ಓಡಿಸಿ. ಬಹಳಷ್ಟು ಗಾಡಿಗಳಲ್ಲಿ ವಾಟರ್ ಪಂಪ್ ಇದೇ ಬೆಲ್ಟ್ ಮೇಲಿರುತ್ತದೆ, ಹೆಚ್ಚು ಹೊತ್ತು ಬಿಟ್ಟರೆ ಇಂಜಿನ್ ಕಾದು ಸಿಲಿಂಡರ್ ಹೆಡ್‌ಗೆ ಅಪಾಯ. ಬ್ಯಾಟರಿ ದೀಪ ಉರಿಯುವುದು ಸಹಜ.

ಸಪ್ಪಳ ಮಾಯವಾಯಿತೇ? ಇಂಜಿನ್ ಬಂದ್ ಮಾಡಿ ಆಲ್ಟರ್‌ನೇಟರ್, ಐಡ್ಲರ್ (ಬೆಲ್ಟಿಗೆ ದಾರಿ ಕೊಡುವ ಬಿಡಿ ಪುಲ್ಲಿ), ಟೆನ್ಷನರ್, ವಾಟರ್ ಪಂಪ್, ಎಸಿ ಪುಲ್ಲಿಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸಿ. ಐಡ್ಲರನ್ನು ಜೋರಾಗಿ ತಿರುವಿಬಿಟ್ಟಾಗ ಬಹಳ ಹೊತ್ತು ಸಲೀಸಾಗಿ ಸುತ್ತಿದರೆ ಚೆನ್ನಾಗಿದೆ ಅಂತ ತಿಳಿಯಬೇಡಿ, ಒಳಗೆ ಗ್ರೀಸ್ ಒಣಗಿದೆ. ಒಳ್ಳೆಯ ಬೇರಿಂಗ್ ಸ್ವಲ್ಪ ತಡೆದು ಬೇಗ ನಿಲ್ಲುತ್ತದೆ. ಬೆರಳಿಗೆ ಮರಳಿನಂತೆ ಹತ್ತಿದರೂ, ಪುಲ್ಲಿ ಅಲ್ಲಾಡಿದರೂ ಬದಲಿಸಿ. ವಾಟರ್ ಪಂಪಿನ ಸಣ್ಣ ತೂತಿನ ಕೆಳಗೆ ಕೂಲಂಟ್ ಕಲೆ ಇದ್ದರೆ ಪಂಪೇ ಹೋಗಿದೆ.

ಐಡ್ಲರಿನ ಬೇರಿಂಗ್ ಮಾತ್ರ ಬದಲಿಸುವುದಾದರೆ ಅದರ ಮೇಲಿನ ನಂಬರ್ ನೋಡಿ ತನ್ನಿ. 6203 ಅಂದರೆ ಒಳವ್ಯಾಸ 17, ಹೊರವ್ಯಾಸ 40, ದಪ್ಪ 12 ಮಿ.ಮೀ. ಜೊತೆಗೆ ಕೊನೆಯ ಅಕ್ಷರ ನೋಡಲೇಬೇಕು. ಝಡ್‌ಝಡ್ ಅಂದರೆ ಎರಡೂ ಕಡೆ ಲೋಹದ ಮುಚ್ಚಳ, ಅಂಚಿನಲ್ಲಿ ಕೂದಲೆಳೆಯ ಸಂದು ಉಳಿದಿರುತ್ತದೆ. 2ಆರ್‌ಎಸ್ ಅಂದರೆ ರಬ್ಬರ್ ಸೀಲ್. ಅದಿರಿನ ರಸ್ತೆಗೆ 2ಆರ್‌ಎಸ್ ಬಿಟ್ಟು ಬೇರೆ ಬೇಡ. ಕೂರಿಸುವಾಗ ಹೊರರಿಂಗಿನ ಮೇಲೆ ಸಾಕೆಟ್ ಇಟ್ಟು ವೈಸ್‌ನಲ್ಲಿ ಒತ್ತಿ. ಒಳರಿಂಗಿಗೆ ಸುತ್ತಿಗೆ ಪೆಟ್ಟು ಬಿದ್ದರೆ ಗುಂಡುಗಳ ಅಚ್ಚು ಅವು ಓಡುವ ಹಳಿಯ ಮೇಲೆ ಮೂಡಿ, ಹೊಸ ಬೇರಿಂಗ್ ಕೆಲವೇ ದಿನಗಳಲ್ಲಿ ಹಾಡಲು ಶುರುಮಾಡುತ್ತದೆ.

ಬೆಲ್ಟ್ ಇಲ್ಲದೆಯೂ ಸಪ್ಪಳ ಉಳಿದರೆ ಮಾತ್ರ ಇಂಜಿನ್ ಕಡೆ ನೋಡಿ. ಟಕ್ ಟಕ್ ಅನ್ನುವುದೆಲ್ಲ ಟ್ಯಾಪೆಟ್ ಅಲ್ಲ, ಪೆಟ್ರೋಲ್ ಗಾಡಿಯ ಇಂಜೆಕ್ಟರ್ ಟಿಕ್ ಟಿಕ್ ಅನ್ನುವುದು ಅದರ ಸಹಜ ಸದ್ದು. ತಣ್ಣಗಿದ್ದಾಗ ಜೋರಾಗಿದ್ದು ಬಿಸಿಯಾದಂತೆ ಕಡಿಮೆಯಾಗುವ ಟಿಕ್ ಎಷ್ಟೋ ಸಲ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟಿನದು. ಲೋಹ ಕಾದು ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ. ಮುರಿದ ಸ್ಟಡ್ ಪಕ್ಕ ಕಪ್ಪು ಮಸಿ ಕಂಡರೆ ಖಾತ್ರಿ. ಸ್ಟಾರ್ಟ್ ಆದ ಕೂಡಲೇ ಎರಡು ಸೆಕೆಂಡ್ ಗರ್ ಅಂದು ನಿಲ್ಲುವುದು ಟೈಮಿಂಗ್ ಚೈನ್ ಟೆನ್ಷನರ್ ಇರಬಹುದು. ಬುಸ್ ಅನ್ನುತ್ತ ಐಡಲ್ ಏರಿಳಿದರೆ ವ್ಯಾಕ್ಯೂಮ್ ಪೈಪುಗಳನ್ನು ನೋಡಿ. ಸಿರುಗುಪ್ಪ, ಗಂಗಾವತಿ ಕಡೆ ಭತ್ತದ ಕೊಯ್ಲಿನ ಹೊತ್ತಿಗೆ ಇಲಿ ಕಡಿದ ಪೈಪು ಸಾಮಾನ್ಯ.

ಆಯಿಲ್ ಒತ್ತಡದಿಂದ ಸಂದು ತಾನೇ ಸರಿಮಾಡಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಇಂಜಿನ್ ಬಿಸಿಯಾದ ಮೇಲೂ ಟಕಟಕ ಅಂದರೆ ಟ್ಯಾಪೆಟ್ ಕೊಳ್ಳುವ ಮೊದಲು ಆಯಿಲ್ ಮಟ್ಟ ನೋಡಿ, ಆಮೇಲೆ ಪ್ರೆಷರ್ ಅಳೆಯಿರಿ. ಆಯಿಲ್ ಸ್ವಿಚ್ ಬಿಚ್ಚಿ ಅದೇ ಜಾಗಕ್ಕೆ ಗೇಜ್ ಹಾಕಿದರೆ, ಬಿಸಿ ಇಂಜಿನ್ನಿನ ಐಡಲ್‌ನಲ್ಲಿ ಸುಮಾರು 1 ಬಾರ್, 3000 ಆರ್‌ಪಿಎಂನಲ್ಲಿ 2ರಿಂದ 4 ಬಾರ್ ಇರಬೇಕು. ನಿಖರ ಅಂಕಿ ಆಯಾ ಗಾಡಿಯ ಮ್ಯಾನ್ಯುವಲ್‌ನಲ್ಲಿ ಸಿಗುತ್ತದೆ.

ಕೆಳಗಿನಿಂದ ದಪ್ಪ ಟೊಕ್ ಟೊಕ್ ಸದ್ದು ಬಂದು, ಒಂದು ಸಿಲಿಂಡರಿನ ಇಗ್ನಿಷನ್ ಕಾಯಿಲ್ ಕನೆಕ್ಟರ್ ಕಳಚಿದಾಗ ತಗ್ಗಿದರೆ ಅದು ಆ ಸಿಲಿಂಡರಿನ ಬಿಗ್ ಎಂಡ್ ಬೇರಿಂಗ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವ ಕಡೆಯದು). ಆಮೇಲೆ ಸ್ಟಾರ್ಟ್ ಮಾಡಬೇಡಿ, ಗಾಡಿ ಎಳೆಸಿಕೊಂಡು ಬನ್ನಿ. ಆಯಿಲ್ ಫಿಲ್ಟರ್ ಕೊಯ್ದು ಒಳಗಿನ ಕಾಗದದ ಮಡಿಕೆ ಬಿಡಿಸಿ ನೋಡಿ. ಅಯಸ್ಕಾಂತಕ್ಕೆ ಹತ್ತದ ಬೆಳ್ಳಿ ಅಥವಾ ತಾಮ್ರ ಬಣ್ಣದ ಹೊಟ್ಟು ಸಿಕ್ಕರೆ ಬೇರಿಂಗ್ ಶೆಲ್ ಸವೆದಿದೆ. ಇಂಜಿನ್ ಕೆಳಗಿನ ಆಯಿಲ್ ತಟ್ಟೆ ಅಂದರೆ ಸಂಪ್ ಇಳಿಸಿ, ಕ್ರ್ಯಾಂಕಿನ ಜರ್ನಲ್ (ಬೇರಿಂಗ್ ಕೂರುವ ಭಾಗ) ಅನ್ನು ಮೈಕ್ರೋಮೀಟರಿನಲ್ಲಿ ಅಳೆಯಿರಿ. ನುಣುಪಾಗಿದ್ದು ಅಳತೆ ಮಿತಿಯೊಳಗಿದ್ದರೆ ಹೊಸ ಶೆಲ್ ಸಾಕು. ಉಗುರಿಗೆ ಗೆರೆ ಸಿಕ್ಕಿದರೆ ಕ್ರ್ಯಾಂಕ್ ತೆಗೆದು, ಆ ಇಂಜಿನ್ನಿಗೆ 0.25 ಮಿ.ಮೀ. ಅಂಡರ್‌ಸೈಜ್ (ಉಜ್ಜಿ ಸಣ್ಣದಾದ ಜರ್ನಲ್‌ಗೆ ಹೊಂದುವ) ಶೆಲ್ ಸಿಗುತ್ತದೆ ಎಂದು ಅಂಗಡಿಯಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ಗ್ರೈಂಡಿಂಗಿಗೆ ಕೊಡಿ.