ಲ್ಯಾಬ್ರಡಾರ್‌ನ ಹಸಿವನ್ನು ನಂಬಬೇಡಿ

ಲ್ಯಾಬ್ರಡಾರ್ ಮರಿ ತರೋಣವೇ ಎಂದು ಯಾರಾದರೂ ಕೇಳಿದರೆ, ಮೂರು ಲ್ಯಾಬ್‌ಗಳನ್ನು ಸಾಕಿ ದೊಡ್ಡದು ಮಾಡಿದ ನಾನು ತಿರುಗಿ ಕೇಳುವುದು ಒಂದೇ: ಅದು ನಿಮ್ಮ ತಟ್ಟೆಯ ಮುಂದೆ ಕೂತು ರೆಪ್ಪೆ ಮಿಟುಕಿಸದೆ ನೋಡುವಾಗ ‘ಇಲ್ಲ’ ಅನ್ನುವಷ್ಟು ಗಟ್ಟಿ ಮನಸ್ಸು ಮನೆಯ ಎಲ್ಲರಿಗೂ ಇದೆಯೇ? ಕಚ್ಚುತ್ತದೆಯೇ, ಮಕ್ಕಳೊಂದಿಗೆ ಹೊಂದಿಕೊಳ್ಳುತ್ತದೆಯೇ ಎಂಬುದೆಲ್ಲ ಆಮೇಲಿನ ಮಾತು. ಚೆನ್ನಾಗಿ ಬೆಳೆಸಿದ ಲ್ಯಾಬ್ ಮಕ್ಕಳಿರುವ ಮನೆಗೆ ಹೇಳಿ ಮಾಡಿಸಿದ ನಾಯಿ. ಅದನ್ನು ಕಷ್ಟಕ್ಕೆ ದೂಡುವುದು ನಾವು ಪ್ರೀತಿಯಿಂದ ಹಾಕುವ ತುತ್ತು.

ನಮ್ಮ ಮೊದಲನೆಯವನು ಕರಿಯ. ಬೆಳಿಗ್ಗೆ ನಾನು ಊಟ ಹಾಕಿ ಆಚೆ ಹೋದರೆ, ಖಾಲಿ ಬಟ್ಟಲನ್ನು ನೆಕ್ಕುತ್ತ ನೆಕ್ಕುತ್ತ ಮೂತಿಯಿಂದ ತಳ್ಳಿಕೊಂಡು ಅಡುಗೆಮನೆ ಬಾಗಿಲಿಗೆ ಬರುತ್ತಿದ್ದ. ಪಾಪ, ಇನ್ನೂ ಹಾಕಿಲ್ಲವೇನೋ ಅಂದುಕೊಂಡು ಇನ್ನೊಬ್ಬರು ಹಾಕುತ್ತಿದ್ದರು. ಮಕ್ಕಳ ಕೈಯಿಂದ ಬಿಸ್ಕತ್ತು ಬೇರೆ. ಗಂಡು ಲ್ಯಾಬ್ 29ರಿಂದ 36 ಕೆ.ಜಿ. ಇದ್ದರೆ ಸಾಕು; ಕರಿಯ ಐದನೇ ವರ್ಷಕ್ಕೇ 44 ಕೆ.ಜಿ. ತೂಗಿದ. ನೋಡಿದವರು ‘ಎಷ್ಟು ದಷ್ಟಪುಷ್ಟವಾಗಿದ್ದಾನೆ’ ಅಂದಾಗ ನಮಗೆ ಹೆಮ್ಮೆ. ಎಂಟಕ್ಕೆ ಸೊಂಟದ ಕೀಲು ಸೋತಿತು. ಕೊನೆಯ ವರ್ಷ ಅವನ ಹೊಟ್ಟೆಯಡಿ ಟವೆಲ್ ತೂರಿಸಿ, ಎರಡು ತುದಿ ಎತ್ತಿ ಹಿಡಿದು, ಹಿಂಗಾಲಿನ ಭಾರ ನಾವು ಹೊತ್ತು ಅಂಗಳಕ್ಕೆ ಕರೆದೊಯ್ಯುತ್ತಿದ್ದೆವು. ಆ ಭಾರವನ್ನು ನನ್ನ ಕೈ ಇನ್ನೂ ಮರೆತಿಲ್ಲ.

ಈ ಹಸಿವು ಬರೀ ಆಸೆಬುರುಕತನ ಅಲ್ಲ ಅಂತ ತಿಳಿದದ್ದು ಬಹಳ ತಡವಾಗಿ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು 2016ರಲ್ಲಿ ಕಂಡುಕೊಂಡ ಪ್ರಕಾರ, ಸುಮಾರು ನಾಲ್ಕು ಲ್ಯಾಬ್‌ಗಳಲ್ಲಿ ಒಂದಕ್ಕೆ ಪಿಒಎಂಸಿ ಎಂಬ ಜೀನ್‌ನ ಒಂದು ತುಣುಕೇ ಇರುವುದಿಲ್ಲ. ಒಂದು ಊಟದಿಂದ ಇನ್ನೊಂದು ಊಟದವರೆಗೂ ಅಂಥ ನಾಯಿಗೆ ಹಸಿವು ಕಾಡುತ್ತಲೇ ಇರುತ್ತದೆ. ಸಾಲದ್ದಕ್ಕೆ, ಸುಮ್ಮನೆ ಮಲಗಿರುವಾಗ ಅದರ ಮೈ ಖರ್ಚು ಮಾಡುವ ಶಕ್ತಿಯೂ ಉಳಿದವುಗಳಿಗಿಂತ ಸುಮಾರು ಶೇ. 25 ಕಡಿಮೆ. ಅಂದಮೇಲೆ ಅದು ಹಸಿವು ಅಂತ ಕೇಳುವುದು ನಿಜವೇ. ಆದರೆ ಆ ಹಸಿವನ್ನು ಅಳತೆಗೋಲು ಮಾಡಿಕೊಳ್ಳಬಾರದು. 48 ಲ್ಯಾಬ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಜೀವನಪೂರ್ತಿ ಕಾಲುಭಾಗ ಕಡಿಮೆ ಊಟ ಕೊಟ್ಟು ನೋಡಿದ ಒಂದು ಅಧ್ಯಯನ 2002ರಲ್ಲಿ ಬಂತು. ಕಡಿಮೆ ತಿಂದವು ಹೆಚ್ಚುಕಮ್ಮಿ ಎರಡು ವರ್ಷ ಹೆಚ್ಚು ಬದುಕಿದವು, ಕೀಲುನೋವೂ ಅವಕ್ಕೆ ತಡವಾಗಿ ಶುರುವಾಯಿತು. ನಾಯಿಯ ಆಯುಸ್ಸಿನಲ್ಲಿ ಎರಡು ವರ್ಷ ಅಂದರೆ ಎಷ್ಟು ದೊಡ್ಡದು!

ಹಾಗಾದರೆ ಅಳತೆ ಯಾವುದು? ನಿಮ್ಮ ಕೈಯೇ. ಒಂದು ಅಂಗೈಯನ್ನು ಕೆಳಮುಖವಾಗಿ ಚಾಚಿ, ಇನ್ನೊಂದು ಕೈ ಬೆರಳಿನಿಂದ ಮೇಲಿನ ಗೆಣ್ಣುಗಳನ್ನು ಸವರಿ. ನಾಯಿಯ ಪಕ್ಕೆಲುಬು ಹಾಗೆ ಕೈಗೆ ಸಿಗಬೇಕು. ಮುಷ್ಟಿ ಕಟ್ಟಿದಾಗಿನ ಗೆಣ್ಣಿನಂತೆ ಚುಚ್ಚಿದರೆ ಸೊರಗಿದೆ. ಅಂಗೈಯ ಒಳಭಾಗದಂತೆ ಮೆತ್ತಗಿದ್ದರೆ ಮೈ ಬಂದಿದೆ. ವಾರಕ್ಕೊಮ್ಮೆ, ಬಾಚುವಾಗ ಇದೊಂದು ಮಾಡಿ.

ಊಟಕ್ಕೆ ನಾನು ಕಂಡುಕೊಂಡ ಉಪಾಯ ಒಂದು ಮುಚ್ಚಳದ ಡಬ್ಬಿ. ದಿನದ ಪೂರಾ ಊಟವನ್ನು ಬೆಳಿಗ್ಗೆಯೇ ತೂಕ ಮಾಡಿ ಅದಕ್ಕೆ ಹಾಕಿಬಿಡಿ. ಎರಡು ಹೊತ್ತಿನ ಊಟ, ಮಾತು ಕೇಳಲು ಕಲಿಸುವಾಗ ಕೊಡುವ ಕಾಳು, ಮಕ್ಕಳು ಮುದ್ದಿಗೆ ಕೊಡುವ ಚೂರು, ಎಲ್ಲವೂ ಅದರಿಂದಲೇ. ಡಬ್ಬಿ ಖಾಲಿ ಅಂದರೆ ಇವತ್ತಿಗೆ ಮುಗಿಯಿತು. ಯಾರು ಹಾಕಿದರು, ಯಾರು ಹಾಕಲಿಲ್ಲ ಎಂಬ ಗೊಂದಲವೇ ಇರುವುದಿಲ್ಲ. ಗಬಗಬ ನುಂಗುವ ನಾಯಿಗೆ ಬಟ್ಟಲು ಬೇಡ, ಅಗಲವಾದ ತಟ್ಟೆಯಲ್ಲಿ ಹರಡಿ; ಇಲ್ಲವೇ ಹುಲ್ಲಿನ ಮೇಲೆ ಚೆಲ್ಲಿ, ಮೂಸಿ ಹುಡುಕಿ ತಿನ್ನಲಿ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಸಕ್ಕರೆ ಇಲ್ಲದ ಚೂಯಿಂಗ್ ಗಮ್ ಅದಕ್ಕೆ ವಿಷ. ಅಪ್ಪಿತಪ್ಪಿ ತಿಂದರೆ ವಾಂತಿಯಾಗಲಿ ಅಂತ ಕಾಯುತ್ತ ಕೂರದೆ ತಕ್ಷಣ ಡಾಕ್ಟರಿಗೆ ಫೋನ್ ಮಾಡಿ.

ಬಾಯಿಯ ಮಾತು ಬಂದಾಗ ಇನ್ನೊಂದು. ಇದರ ಪೂರ್ವಜರು ಕೆನಡಾದ ನ್ಯೂಫೌಂಡ್‌ಲೆಂಡ್‌ ದ್ವೀಪದ ಬೆಸ್ತರ ಜೊತೆ ತಣ್ಣೀರಿಗೆ ಧುಮುಕಿ ಬಲೆ, ಮೀನು ಎಳೆದು ತಂದವು. ಕಂಡದ್ದನ್ನು ಕಚ್ಚಿಕೊಂಡು ತರುವುದು ರಕ್ತದಲ್ಲೇ ಇದೆ. ಚಪ್ಪಲಿ ಕಚ್ಚಿಕೊಂಡು ಓಡಿದಾಗ ಅಟ್ಟಿಸಿಕೊಂಡು ಹೋಗಬೇಡಿ. ಅದಕ್ಕೆ ಅದು ಆಟ, ಹೆದರಿದರೆ ನುಂಗಿಯೂ ಬಿಡಬಹುದು. ಅದಕ್ಕಿಂತ ಒಳ್ಳೆಯದೊಂದನ್ನು ಕೈಯಲ್ಲಿ ಹಿಡಿದು ‘ಕೊಡು’ ಅನ್ನಿ. ಕೊಟ್ಟ ಕೂಡಲೇ ಬಾಯಿ ತುಂಬ ಹೊಗಳಿ. ನಮ್ಮ ಎರಡನೆಯವಳು ರಾಣಿ ಹೀಗೆ ಕಲಿತು, ನೆಲಕ್ಕೆ ಬಿದ್ದ ನನ್ನ ಕನ್ನಡಕವನ್ನು ಒಂದು ಗೀರೂ ಇಲ್ಲದಂತೆ ತಂದುಕೊಡುತ್ತಿದ್ದಳು. ಹಲ್ಲು ಬದಲಾಗುವ ನಾಲ್ಕರಿಂದ ಆರು ತಿಂಗಳಲ್ಲಿ ಅಗಿಯಲು ಆಟಿಕೆ ಕೊಡಿ, ಕಾಲುಚೀಲ ಎತ್ತಿಡಿ, ತಾಳ್ಮೆಯಿಂದಿರಿ.

ಮರಿಯನ್ನು ಎಂಟು ವಾರಕ್ಕೆ ಮುಂಚೆ ತಾಯಿಯಿಂದ ಬಿಡಿಸಬೇಡಿ. ತರುವ ಮೊದಲು ತಂದೆತಾಯಿಯ ಸೊಂಟ, ಮೊಣಕೈಯ ಎಕ್ಸ್‌ರೇ ವರದಿ ಕೇಳಿ. ಬೆಲ್ಟ್ ಹಾಕಿ ನಡೆಯುವುದನ್ನು ಹತ್ತು ಕೆ.ಜಿ. ಇರುವಾಗಲೇ ಕಲಿಸಿ: ಎಳೆದರೆ ನಿಂತುಬಿಡಿ, ಸಡಿಲ ಬಿಟ್ಟರೆ ನಡೆಯಿರಿ. ಮೂವತ್ತು ಕೆ.ಜಿ. ಆದಮೇಲೆ ಕಲಿಸ ಹೊರಟರೆ ಭುಜ ಹೋಗುತ್ತದೆ. ಬೆಳೆದ ಲ್ಯಾಬ್‌ಗೆ ದಿನಕ್ಕೆ ಎರಡು ಗಂಟೆಯಷ್ಟು ಓಡಾಟ ಬೇಕು. ಸುಡುಬಿಸಿಲಲ್ಲಿ ಮಾತ್ರ ಬೇಡವೇ ಬೇಡ. ನೀರಿಗಿಳಿದು ಬಂದ ದಿನ ಜೋಲುಕಿವಿಯ ಒಳಗೆ ಒರೆಸಿ, ಇಲ್ಲದಿದ್ದರೆ ಕಿವಿಗೆ ಸೋಂಕು ತಗಲಬಹುದು.

ಕೂದಲು ಉದುರುತ್ತದೆ, ವರ್ಷವಿಡೀ. ಬಾಚುವುದೊಂದೇ ದಾರಿ. ಎರಡು ಪದರದ ಕೂದಲು ಅದು, ಬೋಳಿಸಬೇಡಿ. ಕಾವಲಿಗೆ ಅಂತ ತರುವುದಿದ್ದರೆ ಬೇರೆ ತಳಿ ನೋಡಿ. ಇದು ಬಂದವರನ್ನೆಲ್ಲ ಬಾಲ ಅಲ್ಲಾಡಿಸಿ ಒಳಗೆ ಕರೆಯುತ್ತದೆ. ಮಕ್ಕಳಿಗೆ ಕಲಿಸಬೇಕಾದದ್ದೂ ಇದೆ: ಉಣ್ಣುವಾಗ, ಮಲಗಿರುವಾಗ ನಾಯಿಯನ್ನು ಮುಟ್ಟಬಾರದು. ಎಷ್ಟೇ ಸಾಧುವಾಗಿರಲಿ, ಅಂಬೆಗಾಲಿಡುವ ಮಗುವಿನ ಜೊತೆ ಅದನ್ನೊಂದೇ ಬಿಟ್ಟು ಹೋಗಬೇಡಿ. ಹಾಗೆಯೇ ದಿನವಿಡೀ ಬೀಗ ಹಾಕಿದ ಮನೆಯಲ್ಲೂ ಬಿಡಬೇಡಿ, ಒಂಟಿತನ ಅದನ್ನು ಕೊರಗಿಸುತ್ತದೆ.

ಈಗಿನವಳು ಚಿನ್ನಿಗೆ ಹನ್ನೊಂದು ತುಂಬಿದೆ, 27 ಕೆ.ಜಿ. ಕಾಲು ಜಾರದಿರಲಿ ಅಂತ ಅವಳು ಓಡಾಡುವ ಕಡೆಯೆಲ್ಲ ಚಾಪೆ ಹಾಸಿದ್ದೇವೆ. ರಾತ್ರಿ ಡಬ್ಬಿ ಬೋರಲು ಹಾಕಿ ತೋರಿಸಿದರೆ ಒಳಗೆ ಮೂತಿ ತೂರಿಸಿ ಒಮ್ಮೆ ಮೂಸುತ್ತಾಳೆ. ಆಮೇಲೆ ತನ್ನ ನಾಲ್ಕು ಕಾಲಿನ ಮೇಲೆ ತಾನೇ ನಡೆದುಕೊಂಡು ಹೋಗಿ ಮಲಗುತ್ತಾಳೆ.