ಅಡಿಕೆ ಹಾಳೆಯಲ್ಲಿ ಮಂಗಳದ ನೌಕೆ ಮಾಡೋದು ಹೇಗೆ?

ತೀರ್ಥಹಳ್ಳಿ ಕಡೆಯವರಿಗೆ ಹಾಳೆಗೇನೂ ಬರ ಇಲ್ಲ ಅಲ್ವಾ? ಒಂದನ್ನು ನೀರಲ್ಲಿ ನೆನೆಸಿ, ಮೆತ್ತಗಾದ ಮೇಲೆ ದುಂಡಗೆ ಕತ್ತರಿಸಿ. ಅದರಿಂದ 22 ಡಿಗ್ರಿಯ ಹೋಳು ತೆಗೆದು, ಅಂಚು ಕೂಡಿಸಿ ಪಿನ್ ಹೊಡೆದು ಒಣಗಿಸಿದರೆ ಅಗಲವಾದ ಶಂಕು ಸಿಗುತ್ತದೆ; 1976ರಲ್ಲಿ ಮಂಗಳ ಗ್ರಹಕ್ಕಿಳಿದ ಅಮೆರಿಕದ ನೌಕೆ ವೈಕಿಂಗ್‌ಗೂ ಆಮೇಲಿನ ಕ್ಯೂರಿಯಾಸಿಟಿ ನೌಕೆಗೂ ಇದ್ದದ್ದು ಇದೇ ಕೋನ, ಶಂಕುವಿನ ನಡುಗೆರೆಯಿಂದ 70 ಡಿಗ್ರಿ.

ಚೂಪು ಮೂತಿ ಬೇಡ್ವಾ? ಬೇಡ. ನೌಕೆ ಮಂಗಳದ ಗಾಳಿಗೆ ರಭಸದಿಂದ ನುಗ್ಗುವಾಗ ಮುಂದೆ ಗಾಳಿ ಒತ್ತಿ ಕಾದು ಆಘಾತದ ಅಲೆ ಏಳುತ್ತದೆ; ಮೊಂಡು ಮೂತಿ ಆ ಅಲೆಯನ್ನು ಮುಂದಕ್ಕೆ ತಳ್ಳುತ್ತದೆ, ಬಿಸಿ ಜಾಸ್ತಿ ಗಾಳಿಗೇ ಹೋಗುತ್ತದೆ. ಮಹಡಿಯಿಂದ ಬಿಟ್ಟರೆ ಅದೇನೂ ಕಾಣಲ್ಲ ಬಿಡಿ.

ಕಾಣೋದು ಬೇರೆ. ಒಳಗೆ ತುದಿಯಲ್ಲಿ ನಾಣ್ಯ ಅಂಟಿಸಿ, ತುದಿ ಕೆಳಗೆ ಮಾಡಿ ಬಿಡಿ. ನೆಟ್ಟಗೆ ಇಳಿಯುತ್ತದೆ. ನಾಣ್ಯವನ್ನು ಒಂದು ಬೆರಳಷ್ಟು ಪಕ್ಕಕ್ಕೆ ಸರಿಸಿ ನೋಡಿ, ವಾಲಿಕೊಂಡು ಒಂದು ಕಡೆಗೆ ಜಾರುತ್ತದೆ. ಅದೇ ಲಿಫ್ಟ್, ಅಂದರೆ ವಾಲಿದ ನೌಕೆಯನ್ನು ಗಾಳಿ ಅಡ್ಡಕ್ಕೆ ತಳ್ಳುವ ಬಲ. 2012ರಲ್ಲಿ ಕ್ಯೂರಿಯಾಸಿಟಿ ತಲಾ 75 ಕಿಲೋದ ಎರಡು ಟಂಗ್‌ಸ್ಟನ್ ಗಟ್ಟಿಗಳನ್ನು ಎಸೆದು, ತೂಕವನ್ನು ಹೀಗೇ ಓರೆ ಮಾಡಿಕೊಂಡು ದಾರಿ ತಿದ್ದಿಕೊಂಡಿತ್ತು.