ಹಲಗೆಯಲ್ಲಿ ಮುಖ ಕಂಡು ಮಕ್ಕಳು ಹೆದರುತ್ತಿದ್ದರೆ

ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ಕರೆಂಟು ಹೋದರೆ ಬರುವುದು ಯಾವಾಗಲೋ. ಹಳೆ ಮನೆಗಳಲ್ಲಿ ಮಲಗಿದ ಮಕ್ಕಳು "ಅಮ್ಮಾ, ಅಲ್ಲಿ ಯಾರೋ ನೋಡ್ತಿದಾರೆ" ಅಂತ ಅಟ್ಟದ ಹಲಗೆ ತೋರಿಸುತ್ತಾರೆ. ದಯವಿಟ್ಟು "ಸುಮ್ನೆ ಮಲಗು" ಅಂತ ಗದರಬೇಡಿ. ಮಗುವಿಗೆ ಮುಖ ನಿಜವಾಗಿಯೂ ಕಾಣುತ್ತಿರುತ್ತದೆ.

ಮೇಲೆ ಎರಡು ಕಪ್ಪು ಚುಕ್ಕೆ, ಕೆಳಗೊಂದು ಗೆರೆ. ನಮ್ಮ ಮೆದುಳಿಗೆ ಅಷ್ಟೇ ಸಾಕು. ಆಗಷ್ಟೇ ಹುಟ್ಟಿದ ಕೂಸು ಕೂಡ ಇಂಥ ಆಕಾರದ ಕಡೆಗೆ ಜಾಸ್ತಿ ನೋಡುತ್ತದೆ. ಒಂದು ಸೆಕೆಂಡಿನ ಐದನೇ ಒಂದು ಭಾಗದೊಳಗೆ, ನಾವು ಯೋಚಿಸುವ ಮೊದಲೇ, ಮೆದುಳು ಮುಖ ಅಂತ ಗುರುತಿಸಿಬಿಡುತ್ತದೆ. 1976ರಲ್ಲಿ ವೈಕಿಂಗ್ 1 ನೌಕೆ ಕಳಿಸಿದ ಮಂಗಳ ಗ್ರಹದ ಚಿತ್ರದಲ್ಲೂ ಜನ ಮುಖ ಕಂಡಿದ್ದರು. ಅದು ನೆರಳು ಬಿದ್ದ ಗುಡ್ಡ, ಅಷ್ಟೆ.

ಆ ಹಲಗೆಯ ಫೋಟೋವನ್ನು ಮೊಬೈಲಿನಲ್ಲಿ ತೆಗೆಯಿರಿ. ಸ್ಕ್ರೀನ್ ತಾನಾಗಿ ತಿರುಗದಂತೆ ಆಫ್ ಮಾಡಿ, ಮಗುವಿನ ಕೈಗೇ ಕೊಟ್ಟು ತಲೆಕೆಳಗೆ ಮಾಡಿಸಿ. ಕಣ್ಣು ಕೆಳಗೆ, ಬಾಯಿ ಮೇಲೆ ಆದ ಕೂಡಲೇ ಹೆಚ್ಚಿನ ಸಲ ಮುಖ ಮಾಯವಾಗಿ ಹಲಸಿನ ಮರದ ಗಂಟು ಮಾತ್ರ ಉಳಿಯುತ್ತದೆ. ಮಗು ತಾನೇ ತಿರುಗಿಸಿ ನೋಡುವುದು ಮುಖ್ಯ, ನಾವು ಹೇಳಿದ್ದನ್ನು ಅದು ನಂಬುವುದಿಲ್ಲ. ಟಾರ್ಚನ್ನು ಪಕ್ಕದಿಂದ ಹಿಡಿದರೂ ನೆರಳು ಬದಲಾಗಿ ಆಕಾರ ಒಡೆಯುತ್ತದೆ.

ಆಮೇಲೂ ಹೆದರಿಕೆ ಹೋಗದಿದ್ದರೆ ದಿಂಬನ್ನು ಹಾಸಿಗೆಯ ಇನ್ನೊಂದು ತುದಿಗೆ ಹಾಕಿ ಮಲಗಿಸಿ, ಆಗ ಹಲಗೆಯೇ ತಲೆಕೆಳಗಾಗಿ ಕಾಣುತ್ತದೆ. ಕತ್ತಲಲ್ಲಿ ಯಾರೋ ನಿಂತ ಹಾಗೆ ಕಾಣುವ, ಗೂಟಕ್ಕೆ ನೇತುಹಾಕಿದ ರೈನ್‌ಕೋಟು, ಕಂಬಳಿಗಳನ್ನು ಮಾತ್ರ ರಾತ್ರಿ ಜಗಲಿಗೇ ಸಾಗಿಸಿ.